ಕಡುಬಿನ ಲೆಕ್ಕ, ಮಳೆಗಾಲದ ನಡಿಗೆ: ಮಲೆನಾಡಿನಲ್ಲಿ ಶುಗರ್ ಹಿಡಿತಕ್ಕೆ ತರುವ ಬಗೆ

ಮಲೆನಾಡಿನಲ್ಲಿ ಶುಗರ್ ಇರುವವರ ಬಾಯಲ್ಲಿ ಪದೇ ಪದೇ ಬರುವ ದೂರು ಒಂದಿದೆ: "ಸಕ್ಕರೆ, ಸಿಹಿ ಎಲ್ಲ ಬಿಟ್ಟಾಯ್ತು ಮಾರಾಯ್ರೆ, ಆದ್ರೂ ಇಳೀತಾನೇ ಇಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ಒಂದು ದಿನ ತಿಂದದ್ದನ್ನೆಲ್ಲ ಚೀಟಿಯಲ್ಲಿ ಬರೆದು ನೋಡಿದರೆ ವಿಷಯ ಗೊತ್ತಾಗುತ್ತದೆ. ಬೆಳಿಗ್ಗೆ ಕಡುಬು ಇಲ್ಲವೇ ರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಕಾಫಿ ಜೊತೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ, ಹೊಟ್ಟೆ ಸರಿಯಿಲ್ಲದ ದಿನ ಗಂಜಿ, ನೆಂಟರು ಬಂದ ದಿನ ನೀರುದೋಸೆ ಅಥವಾ ಒತ್ತುಶ್ಯಾವಿಗೆ. ಹೆಸರು ಯಾವುದಾದರೂ ಒಳಗಿರುವುದು ಅಕ್ಕಿಯೇ. ಡಬ್ಬಿಯ ಸಕ್ಕರೆ ನಿಂತಿದೆ, ಮೂಟೆಯ ಅಕ್ಕಿ ಮೊದಲಿನ ಹಾಗೇ ಖರ್ಚಾಗುತ್ತಿದೆ.

ಮುಂದೆ ಹೋಗುವ ಮೊದಲು ಒಂದು ಎಚ್ಚರಿಕೆ. ಇಲ್ಲಿ ಬರೆದಿರುವುದು ದೊಡ್ಡವರಿಗೆ ಬರುವ ಟೈಪ್ 2 ಮಧುಮೇಹದ ಬಗ್ಗೆ. ಟೈಪ್ 1 ಇರುವವರು, ಬಸುರಿಯರು, ಕ್ರಿಯಾಟಿನಿನ್ ಏರಿರುವವರು (ಮೂತ್ರಪಿಂಡ ಸೋತಿರುವುದರ ಗುರುತು) ಇದನ್ನು ಹಾಗೆಯೇ ಅನುಸರಿಸಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಅನ್ನ ಇಳಿಸುವ ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಊಟ ಅರ್ಧವಾಗಿ ಮಾತ್ರೆ ಹಿಂದಿನಷ್ಟೇ ಉಳಿದರೆ ಶುಗರ್ ಕುಸಿದು ಬೀಳುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಅನ್ನವನ್ನು ಪೂರ್ತಿ ಬಿಡುವುದಾಗಲಿ ದಿನಗಟ್ಟಲೆ ಉಪವಾಸ ಮಾಡುವುದಾಗಲಿ ಸಲ್ಲದು. ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬಿ ಆಸ್ಪತ್ರೆ ಸೇರಬೇಕಾಗಬಹುದು, ಅದೂ ಶುಗರ್ ಅಷ್ಟೇನೂ ಏರದೆ.

ಅಕ್ಕಿಯನ್ನು ತೂಗಿ ನೋಡಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ (ಕಾರ್ಬೋಹೈಡ್ರೇಟ್), ನಾರು 3 ಗ್ರಾಂಗಿಂತ ಕಡಿಮೆ. ರಾಗಿಯಲ್ಲಿ ಪಿಷ್ಟ 67, ನಾರು 11. ಗೋಧಿ ಹಿಟ್ಟಿನಲ್ಲಿ 64 ಮತ್ತು 11. ಹುರುಳಿಯಲ್ಲಿ ಪಿಷ್ಟ 57, ಆದರೆ ಜೊತೆಗೆ ಹತ್ತಿರ ಹತ್ತಿರ 22 ಗ್ರಾಂ ಪ್ರೋಟೀನ್. ಇಷ್ಟು ಅಂಕಿ ತಿಳಿದಿದ್ದರೆ ಯಾವ ತಿಂಡಿಯ ಲೆಕ್ಕವನ್ನಾದರೂ ಮನೆಯಲ್ಲೇ ಹಾಕಬಹುದು. ಅಡುಗೆಮನೆಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ಬೇಕು, ಅಷ್ಟೆ. ಅಡಿಕೆ ತೂಕದಲ್ಲಿ ಇನ್ನೂರು ಗ್ರಾಂ ಹೆಚ್ಚುಕಡಿಮೆಯಾದರೆ ಜಗಳಕ್ಕೆ ನಿಲ್ಲುವ ಊರಿನವರು ಅನ್ನ ತೂಗುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಕಡುಬನ್ನೇ ತೆಗೆದುಕೊಳ್ಳಿ. ಅರ್ಧ ಕೆಜಿ ಅಕ್ಕಿತರಿ ತೊಳಸಿ ಉಂಡೆ ಕಟ್ಟಿದರೆ ಹದವಾದ ಗಾತ್ರದ 16 ಕಡುಬು ಆಗುತ್ತದೆ ಎಂದಿಟ್ಟುಕೊಳ್ಳಿ. ಅರ್ಧ ಕೆಜಿಯಲ್ಲಿ ಪಿಷ್ಟ 390 ಗ್ರಾಂ, 16ರಿಂದ ಭಾಗಿಸಿದರೆ ಒಂದು ಕಡುಬಿಗೆ 24 ಗ್ರಾಂ. ತೋಟದ ಕೆಲಸಕ್ಕೆ ಹೊರಡುವ ಮೊದಲು ಐದು ಕಡುಬು ತಿಂದವರ ಹೊಟ್ಟೆಗೆ ಹೋದದ್ದು 120 ಗ್ರಾಂ. ಮಧುಮೇಹ ಇರುವ ಹೆಚ್ಚಿನ ದೊಡ್ಡವರಿಗೆ ಒಂದು ಹೊತ್ತಿಗೆ 45ರಿಂದ 60 ಗ್ರಾಂ ಸಾಕು ಎಂಬುದು ರೂಢಿಯ ಸಲಹೆ. ಹಾಗಾದರೆ ಕಡುಬು ಎರಡೇ. ಉಳಿದ ಜಾಗಕ್ಕೆ ಏನು ಎಂಬುದೇ ನಿಜವಾದ ಪ್ರಶ್ನೆ, ಏಕೆಂದರೆ ಎರಡು ಕಡುಬು ತಿಂದು ಎದ್ದವರು ಹತ್ತೂವರೆಗೆ ಡಬ್ಬಿ ಮುಚ್ಚಳ ತೆಗೆಯುವುದು ಖಂಡಿತ. ಒಂದು ಬಟ್ಟಲು ಹೆಸರುಕಾಳು ಅಥವಾ ಕಡಲೆ ಉಸ್ಲಿ, ಇಲ್ಲವೇ ಎರಡು ಮೊಟ್ಟೆ. ಜೊತೆಗೆ ತೊಂಡೆಕಾಯಿಯದೋ ಬೀನ್ಸಿನದೋ ಪಲ್ಯ ಕಡುಬಿನಷ್ಟೇ ಪ್ರಮಾಣದಲ್ಲಿ. ಕೋಳಿಸಾರಿನ ಜೊತೆ ಕಡುಬು ತಿನ್ನುವ ಮನೆಯಲ್ಲಿ ಕೆಲಸ ಇನ್ನೂ ಸುಲಭ: ತುಂಡು ಹೆಚ್ಚು, ಕಡುಬು ಕಡಿಮೆ.

ರೊಟ್ಟಿಗೂ ಇದೇ ಭಾಗಾಕಾರ. ಹಿಟ್ಟು ಉಕ್ಕರಿಸಿ ತಟ್ಟುವ ತೆಳು ರೊಟ್ಟಿಗೆ 35–40 ಗ್ರಾಂ ಹಿಟ್ಟು ಹಿಡಿದರೆ ಪಿಷ್ಟ 27ರಿಂದ 31. ಹಿಟ್ಟಿನ ಮೂರನೇ ಒಂದು ಪಾಲು ಕಡಲೆಹಿಟ್ಟು ಮಾಡಿ, ಹಿಟ್ಟಿನಷ್ಟೇ ತೂಕದ ತುರಿದ ಸೋರೆಕಾಯಿ, ಸಬ್ಬಸಿಗೆ ಸೊಪ್ಪು ಹಾಕಿ ಕಲಸಿದರೆ ರೊಟ್ಟಿಯ ಗಾತ್ರ ಕುಗ್ಗದೆ ಪಿಷ್ಟ ಇಳಿಯುತ್ತದೆ. ಸೋರೆಕಾಯಿ ನೀರು ಬಿಡುವುದರಿಂದ ಬೇರೆ ನೀರು ಹಾಕುವ ಮೊದಲು ಹತ್ತು ನಿಮಿಷ ಬಿಡಿ, ಇಲ್ಲದಿದ್ದರೆ ಹಿಟ್ಟು ಕೈಗೆ ಅಂಟಿ, ಗಟ್ಟಿ ಮಾಡಲು ಮತ್ತೆ ಅಕ್ಕಿಹಿಟ್ಟು ಸುರಿಯಬೇಕಾಗುತ್ತದೆ.

ಅನ್ನದ ವಿಷಯ. 150 ಗ್ರಾಂ ಬೆಂದ ಅನ್ನಕ್ಕೆ ಸುಮಾರು 40 ಗ್ರಾಂ ಪಿಷ್ಟ. ಮನೆಯ ಸೌಟಿನಲ್ಲಿ ಒಮ್ಮೆ ಅನ್ನ ತೆಗೆದು ತೂಗಿ ಇಟ್ಟುಕೊಂಡರೆ ಆಮೇಲೆ ದಿನಾ ತಕ್ಕಡಿ ಬೇಡ. ಸಾರಿಗೆ, ಹುಳಿಗೆ, ಮಜ್ಜಿಗೆಗೆ ಅಂತ ಮೂರು ಸಲ ಬಡಿಸಿಕೊಳ್ಳುವುದು ನಮ್ಮ ಕಡೆಯ ಕ್ರಮ. ಒಂದೇ ಸಲ ಬಡಿಸಿಕೊಂಡು ಅದನ್ನೇ ಮೂರು ಪಾಲು ಮಾಡಿಕೊಳ್ಳಿ. ಕುಚ್ಚಲಕ್ಕಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಅರ್ಧ ನಿಜ. ಭತ್ತವನ್ನು ಕುದಿಸಿ ಒಣಗಿಸಿದಾಗ ಪಿಷ್ಟದ ಕಟ್ಟು ಬದಲಾಗಿ ಜೀರ್ಣವಾಗುವುದು ನಿಧಾನವಾಗುತ್ತದೆ, ಆದರೆ ಪಿಷ್ಟದ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ಎರಡು ತಟ್ಟೆ ಕುಚ್ಚಲಕ್ಕಿ ಅನ್ನಕ್ಕಿಂತ ಒಂದು ತಟ್ಟೆ ಬೆಳ್ತಿಗೆ ಅನ್ನವೇ ವಾಸಿ. ರಾಗಿಯೂ ಹಾಗೆಯೇ. ನುಣ್ಣಗೆ ಬೀಸಿ, ನೀರಾಗಿ ಕುದಿಸಿ, ಲೋಟದಲ್ಲಿ ಗಟಗಟ ಕುಡಿದ ರಾಗಿಗಂಜಿ ಬೇಗ ರಕ್ತಕ್ಕೆ ಇಳಿಯುತ್ತದೆ. ಸೊಪ್ಪಿನ ಸಾರಿನ ಜೊತೆ ಚಿಕ್ಕ ಮುದ್ದೆ ಅದಕ್ಕಿಂತ ಒಳ್ಳೆಯದು.

ಏಕಾದಶಿ, ಶನಿವಾರದ ಒಪ್ಪತ್ತಿನವರಿಗೆ ಒಂದು ಮಾತು: ಅವಲಕ್ಕಿ ಅಕ್ಕಿಯೇ. ಸಬ್ಬಕ್ಕಿ ಹೆಚ್ಚುಕಡಿಮೆ ಬರೀ ಪಿಷ್ಟ. ಉಪವಾಸ ಮಾಡಿದೆ ಎಂದುಕೊಂಡ ರಾತ್ರಿಯೇ ಶುಗರ್ 250 ತೋರಿಸಿದರೆ ಮಷೀನನ್ನು ಬೈಯಬೇಡಿ.

ತಿನ್ನುವ ಕ್ರಮ ಬದಲಿಸುವುದು ಖರ್ಚಿಲ್ಲದ ಉಪಾಯ. ಮೊದಲು ತರಕಾರಿ, ಕಾಳು, ಮೀನು ಅಥವಾ ಮೊಟ್ಟೆ, ಕೊನೆಗೆ ಅನ್ನ. ನಾರು ಮತ್ತು ಪ್ರೋಟೀನ್ ಮುಂಚೆ ಹೊಟ್ಟೆ ಸೇರಿದರೆ ಹೊಟ್ಟೆ ಖಾಲಿಯಾಗುವುದು ನಿಧಾನವಾಗಿ, ಅದೇ ಊಟಕ್ಕೆ ಶುಗರ್ ಏರುವ ಎತ್ತರ ಕಡಿಮೆಯಾಗುತ್ತದೆ. ಮದುವೆಮನೆಯ ಬಾಳೆಎಲೆಯಲ್ಲಿ ಇದು ತಾನಾಗಿಯೇ ಕೂಡಿಬರುತ್ತದೆ. ಎಲೆಗೆ ಮೊದಲು ಬೀಳುವುದು ಕೋಸಂಬರಿ, ಪಲ್ಯ, ಗೊಜ್ಜು. ಊಟ ಶುರುವಾದ ಕೂಡಲೇ ಅನ್ನಕ್ಕೆ ಕೈ ಹಾಕದೆ ಕೋಸಂಬರಿ, ಪಲ್ಯ ಮುಗಿಸಿ, ಇನ್ನೊಂದು ಸಲ ಕೇಳಿ ಹಾಕಿಸಿಕೊಳ್ಳಿ. ಬಡಿಸುವವರು "ಅನ್ನ ಹಾಕ್ಲಾ?" ಎಂದು ಒತ್ತಾಯ ಮಾಡುವ ಹೊತ್ತಿಗೆ ಅರ್ಧ ಹೊಟ್ಟೆ ತುಂಬಿರುತ್ತದೆ. ಹೋಳಿಗೆ ತಿನ್ನಲೇಬೇಕೆಂದಿದ್ದರೆ ಅರ್ಧ ಹೋಳಿಗೆಗೆ ಒಂದು ಸುತ್ತು ಅನ್ನ ಕಡಿತ.

ನಮ್ಮ ಮಳೆಗಾಲದ ಅಡುಗೆಯಲ್ಲಿ ಶುಗರಿಗೆ ಹೇಳಿ ಮಾಡಿಸಿದ ಪದಾರ್ಥಗಳು ಎಷ್ಟೋ ಇವೆ. ಕಳಲೆ (ಎಳೆ ಬಿದಿರು; ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸದೆ ತಿನ್ನಬಾರದು, ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ), ಬಾಳೆದಿಂಡು, ಬಸಳೆ, ಹರಿವೆ, ಹೀರೆಕಾಯಿ, ಅಣಬೆ, ಒಂದೆಲಗದ ತಂಬುಳಿ, ಹುರುಳಿಸಾರು, ಘಟ್ಟದ ಕೆಳಗಿನಿಂದ ಬರುವ ಬಂಗುಡೆ, ಬೂತಾಯಿ ಮೀನು. ಪತ್ರೊಡೆ ಮಾತ್ರ ಮೋಸಗಾರ: ಕೆಸುವಿನ ಎಲೆ ಕಂಡು ಸೊಪ್ಪು ಎಂದುಕೊಳ್ಳುತ್ತೇವೆ, ಸುರುಳಿಯ ತೂಕದ ಬಹುಪಾಲು ಅಕ್ಕಿಹಿಟ್ಟು. ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿಯಲ್ಲಿ ಪಿಷ್ಟದ ಚಿಂತೆಯಿಲ್ಲ, ಚಿಂತೆ ಉಪ್ಪಿನದು. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿನ ಮಿತಿಯಲ್ಲಿ ಇಡೀ ಮಿಡಿಯೊಂದು ದೊಡ್ಡ ಪಾಲು ತಿಂದುಬಿಡುತ್ತದೆ, ಬಿಪಿಯೂ ಇದ್ದವರಿಗೆ ಇದು ಮುಖ್ಯ.

ಹಲಸಿನ ಹಣ್ಣು 100 ಗ್ರಾಂಗೆ ಸುಮಾರು 23 ಗ್ರಾಂ ಪಿಷ್ಟ. ಬೀಜ ತೆಗೆದ ಒಂದು ತೊಳೆ 20–30 ಗ್ರಾಂ ತೂಗುತ್ತದೆ. ಮೂರು ತೊಳೆ ತಿಂದು ನಿಲ್ಲಿಸುವವರಿಗೆ ತೊಂದರೆಯಿಲ್ಲ, ಹಾಗೆ ನಿಲ್ಲಿಸುವವರು ಸಿಗುವುದು ಅಪರೂಪ. ಬಲಿತು ಹಣ್ಣಾಗದ ಕಾಯಿಯ ಕಥೆ ಬೇರೆ. ಆಂಧ್ರದ ಶ್ರೀಕಾಕುಳಂನಲ್ಲಿ ನಡೆದು 2021ರಲ್ಲಿ ಪ್ರಕಟವಾದ, 40 ಜನರ ಸಣ್ಣ ಅಧ್ಯಯನದಲ್ಲಿ ದಿನಕ್ಕೆ 30 ಗ್ರಾಂ ಹಲಸಿನಕಾಯಿ ಹಿಟ್ಟನ್ನು ಅಷ್ಟೇ ಅಕ್ಕಿ ಅಥವಾ ಗೋಧಿ ಹಿಟ್ಟಿನ ಬದಲು ಕೊಟ್ಟಾಗ 12 ವಾರದಲ್ಲಿ, ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಸ್ವಲ್ಪ ಇಳಿದಿತ್ತು. "ಬದಲು" ಎಂಬುದನ್ನು ಮರೆಯಬೇಡಿ. ಅನ್ನ ಉಂಡು ಮೇಲೆ ಹಲಸಿನಕಾಯಿ ಪಲ್ಯವನ್ನೂ ಔಷಧಿ ಎಂದು ತಿಂದರೆ ಲೆಕ್ಕ ತಪ್ಪುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಪೊಟ್ಯಾಸಿಯಂ ಕಾರಣಕ್ಕೆ ಹಲಸನ್ನೂ ಎಳನೀರನ್ನೂ ಕೇಳಿಯೇ ಸೇವಿಸಬೇಕು.

ಬೆಲ್ಲದ ಬಗ್ಗೆ ಚರ್ಚೆ ಮಾಡುವ ಅಗತ್ಯವೇ ಇಲ್ಲ. ಜೋನಿಬೆಲ್ಲವಿರಲಿ, ಅಚ್ಚುಬೆಲ್ಲವಿರಲಿ, ಕಾಡಿನ ಜೇನಿರಲಿ, ರಕ್ತಕ್ಕೆ ಎಲ್ಲವೂ ಸಕ್ಕರೆಯೇ. ಹೋದ ಮನೆಯಲ್ಲೆಲ್ಲ ಒಂದು ಲೋಟ ಕಾಫಿಯೋ ಕಷಾಯವೋ ಕುಡಿಯದೆ ಬರುವಂತಿಲ್ಲ ಎನ್ನುವ ಊರಿನಲ್ಲಿ ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 40–50 ಗ್ರಾಂ ಸಕ್ಕರೆ ಮಾತಿನ ನಡುವೆಯೇ ಒಳಗೆ ಹೋಗಿರುತ್ತದೆ. "ಸಕ್ಕರೆ ಬೇಡ, ಅರ್ಧ ಲೋಟ ಸಾಕು ಅತ್ತಿಗೆ" ಎಂದು ಒಳಗೆ ಹಾಲು ಕಾಯುವ ಮೊದಲೇ ಹೇಳಿ. ಬೆರೆಸಿ ತಂದಮೇಲೆ ಹೇಳಿದರೆ ಇಬ್ಬರಿಗೂ ಮುಜುಗರ.

ಬೆರಳು ಚುಚ್ಚುವ ಮುನ್ನ

ರೋಗನಿರ್ಣಯದ ಗೆರೆ ಎಲ್ಲರಿಗೂ ಒಂದೇ: ಖಾಲಿ ಹೊಟ್ಟೆಯಲ್ಲಿ 126 ಅಥವಾ ಮೇಲೆ, ಎಚ್‌ಬಿಎ1ಸಿ 6.5 ಅಥವಾ ಮೇಲೆ. 100ರಿಂದ 125, 5.7ರಿಂದ 6.4 ಮಧುಮೇಹದ ಅಂಚಿನಲ್ಲಿರುವವರದು. ಕಾಯಿಲೆ ಬಂದಮೇಲೆ ಹೆಚ್ಚಿನವರಿಗೆ ಇಟ್ಟುಕೊಳ್ಳುವ ಗುರಿ ಖಾಲಿ ಹೊಟ್ಟೆಯಲ್ಲಿ 80–130, ಊಟದ ನಂತರ 180ರೊಳಗೆ, ಎಚ್‌ಬಿಎ1ಸಿ 7ರೊಳಗೆ. ವಯಸ್ಸಾದವರಿಗೆ, ಪದೇ ಪದೇ ಲೋ ಆಗುವವರಿಗೆ (ಶುಗರ್ ಕುಸಿಯುವವರಿಗೆ) ಡಾಕ್ಟರು ಗುರಿಯನ್ನು ಸಡಿಲಿಸುತ್ತಾರೆ, ಅದು ಸರಿಯೇ. ಎಚ್‌ಬಿಎ1ಸಿ 7 ಎಂದರೆ ಮೂರು ತಿಂಗಳ ಸರಾಸರಿ 154, 8 ಎಂದರೆ 183, 9 ಎಂದರೆ 212. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಮನೆಯ ಮಷೀನಿನ ಅಂಕಿಗೂ ಲ್ಯಾಬ್ ವರದಿಗೂ ತಾಳೆಯಾಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ.

ಮಷೀನು ತಪ್ಪು ತೋರಿಸಲು ಮಲೆನಾಡಿನಲ್ಲಿ ಎರಡು ವಿಶೇಷ ಕಾರಣಗಳಿವೆ. ಒಂದು, ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ನೀರಾಗುವ, ಬಟ್ಟೆ ಒಣಗದ ಮನೆಯಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸ್ಟ್ರಿಪ್ಪಿನ ಮೇಲಿನ ರಾಸಾಯನಿಕ ಕೆಡುತ್ತದೆ. ಒಂದು ತೆಗೆದ ಕೂಡಲೇ ಮುಚ್ಚಬೇಕು, ಬೇರೆ ಡಬ್ಬಿಗೆ ಸುರಿಯಬಾರದು, ಫ್ರಿಜ್‌ನಲ್ಲೂ ಬಚ್ಚಲ ಪಕ್ಕದಲ್ಲೂ ಇಡಬಾರದು, ಡಬ್ಬಿ ಒಡೆದ ದಿನಾಂಕ ಬರೆದಿಡಬೇಕು. ಮಳೆಗಾಲ ಮುಗಿಯುವವರೆಗೆ 25ರ ಡಬ್ಬಿಯೇ ಕೊಳ್ಳಿ, 50ರದು ಬೇಡ. ಎರಡನೆಯದು, ಕೈ. ಹಲಸು ಬಿಡಿಸಿದ, ಬೆಲ್ಲ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಅಂಕಿ ನೂರರಷ್ಟು ಏರಿ ಕಾಣುವುದೂ ಉಂಟು. ಸ್ಪಿರಿಟ್ ಹಚ್ಚುವುದಕ್ಕಿಂತ ಸೋಪು, ಬಿಸಿನೀರು ಮೇಲು. ಪೂರ್ತಿ ಒರೆಸಿ, ಬೆರಳ ತುದಿಯ ಮಧ್ಯಕ್ಕೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ, ಹಿಂಡಬೇಡಿ. ಅಡಿಕೆ ಸುಲಿದು ಒರಟಾದ ಹೆಬ್ಬೆರಳು, ತೋರುಬೆರಳು ಬಿಟ್ಟು ಉಂಗುರ ಬೆರಳು ಬಳಸಿ. ಒಳ್ಳೆಯ ಮಷೀನಿಗೂ ಶೇಕಡಾ 15ರವರೆಗೆ ಹೆಚ್ಚುಕಡಿಮೆ ಸಹಜ, 148ಕ್ಕೂ 160ಕ್ಕೂ ನಡುವೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ಸ್ಟ್ರಿಪ್ ದುಬಾರಿ, ಆದ್ದರಿಂದ ದಿನಾ ಬೆಳಿಗ್ಗೆ ಒಂದೇ ಅಂಕಿ ನೋಡುವುದಕ್ಕಿಂತ ಜೋಡಿ ಪರೀಕ್ಷೆ ಮಾಡಿ. ಒಂದು ಊಟದ ಮೊದಲು ಒಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಈ ವಾರ ಐದು ಕಡುಬಿಗೆ, ಮುಂದಿನ ವಾರ ಎರಡು ಕಡುಬು ಮತ್ತು ಉಸ್ಲಿಗೆ. ಯಾವ ತಿಂಡಿ ನಿಮಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ನಾಲ್ಕಾರು ಜೋಡಿಯಲ್ಲೇ ಗೊತ್ತಾಗುತ್ತದೆ. ರಾತ್ರಿ ಊಟದ ನಂತರ ಸರಿಯಿದ್ದು ಬೆಳಿಗ್ಗೆ ಮಾತ್ರ ಏರಿದ್ದರೆ ನಸುಕಿನಲ್ಲಿ ಯಕೃತ್ತು ಬಿಡುವ ಸಕ್ಕರೆ ಕಾರಣವಿರಬಹುದು. ರಾತ್ರಿ ಹತ್ತಕ್ಕೆ ಉಂಡು ಹಾಗೇ ಮಲಗುವವರಲ್ಲಿ ಇದು ಇನ್ನೂ ಜಾಸ್ತಿ. ಊಟವನ್ನು ಎಂಟರೊಳಗೆ ಮುಗಿಸಿ ಹತ್ತು ದಿನ ನೋಡಿ, ಆಮೇಲೆ ಮಾತ್ರೆಯ ಮಾತು.

ತೋಟ ಸುತ್ತುವುದು ಸಾಲದು

"ನಾನು ದಿನಾ ತೋಟ ಸುತ್ತುತ್ತೇನೆ, ನನಗ್ಯಾಕೆ ವಾಕಿಂಗು?" ಎನ್ನುವವರಿಗೆ ಉತ್ತರ ಅವರ ಉಸಿರಿನಲ್ಲೇ ಇದೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ವಾರಕ್ಕೆ 150 ನಿಮಿಷ ಬೇಕು, ನಡುವೆ ಎರಡು ದಿನಕ್ಕಿಂತ ಹೆಚ್ಚು ಬಿಡುವು ಇರಬಾರದು. ಹತ್ತು ಹೆಜ್ಜೆಗೊಮ್ಮೆ ನಿಂತು ಅಡಿಕೆ ಗೊನೆ ನೋಡುವ ಸುತ್ತಾಟ ಮೈಗೆ ಒಳ್ಳೆಯದೇ, ಆದರೆ ಈ ಲೆಕ್ಕಕ್ಕೆ ಬರುವುದಿಲ್ಲ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೇ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ, ಅದರ ಪರಿಣಾಮ ಒಂದೆರಡು ದಿನ ಉಳಿಯುತ್ತದೆ. ಅದಕ್ಕೇ ಬಿಡುವಿಗೆ ಎರಡು ದಿನದ ಗಡಿ.

ಶಿವಮೊಗ್ಗ ಪೇಟೆಯವರಿಗೆ ನೆಹರು ಕ್ರೀಡಾಂಗಣ, ಹಳೆ ಜೈಲಿನ ಜಾಗದ ಫ್ರೀಡಂ ಪಾರ್ಕ್ ಇದೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ನಾಲ್ಕು ತಿಂಗಳು ಹೊರಗೆ ಕಾಲಿಡುವುದೇ ಕಷ್ಟ, ಎಚ್‌ಬಿಎ1ಸಿ ಕೆಡಲು ಈ ನಾಲ್ಕು ತಿಂಗಳು ಸಾಕು. ಆಗ ಜಗಲಿಯೇ ಗತಿ. ಜಗಲಿ 10 ಮೀಟರ್ ಉದ್ದವಿದ್ದರೆ ಹೋಗಿ ಬಂದರೆ 20 ಮೀಟರ್, 50 ಸಲಕ್ಕೆ ಒಂದು ಕಿಲೋಮೀಟರ್; ಹನ್ನೆರಡು ಹದಿಮೂರು ನಿಮಿಷದ ಕೆಲಸ. ಮೂರು ಹೊತ್ತಿನ ಊಟ ಮುಗಿದ ಅರ್ಧ ಗಂಟೆಯೊಳಗೆ ಇಷ್ಟು ನಡೆದರೆ ಅಷ್ಟನ್ನೇ ಬೇರೆ ಹೊತ್ತಿಗೆ ನಡೆಯುವುದಕ್ಕಿಂತ ಹೆಚ್ಚಿನ ಲಾಭ, ಏಕೆಂದರೆ ಶುಗರ್ ಏರುವ ಹೊತ್ತಿಗೇ ಸ್ನಾಯು ಅದನ್ನು ಬಳಸಿಕೊಳ್ಳುತ್ತದೆ. ವಾರಕ್ಕೆ ಎರಡು ಮೂರು ದಿನ ತೂಕದ ಕೆಲಸವೂ ಬೇಕು: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲದಂತೆ ಮೂರು ಸುತ್ತು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು ಅಷ್ಟೇ, ಎರಡು ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿದು ಎತ್ತುವುದು. ಸಣಕಲು ಮೈಯವರಿಗೆ ಶುಗರ್ ಬಂದಿದ್ದರೆ ಇದೇ ಮುಖ್ಯ ಮದ್ದು, ಅವರಿಗೆ ಇಳಿಸಲು ತೂಕವಿಲ್ಲ, ಕಟ್ಟಲು ಸ್ನಾಯುವಿದೆ.

ಹೊಟ್ಟೆ ಬಂದವರ ದಾರಿ ಬೇರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮೀರಿದ್ದರೆ ತೂಕ ಇಳಿಸುವುದೇ ಮೊದಲ ಕೆಲಸ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ (2017) ಕಟ್ಟುನಿಟ್ಟಿನ ಆಹಾರದಿಂದ ತೂಕ ಇಳಿಸಿದವರ ಗುಂಪಿನಲ್ಲಿ 46 ಪ್ರತಿಶತ ಜನರಿಗೆ ಒಂದು ವರ್ಷಕ್ಕೆ ಮಾತ್ರೆಯಿಲ್ಲದೆಯೇ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಬಂದಿತ್ತು. 15 ಕೆಜಿ ಅಥವಾ ಹೆಚ್ಚು ಇಳಿಸಿದವರಲ್ಲಿ ಇದು 86 ಪ್ರತಿಶತ. ಕಾಯಿಲೆ ಬಂದು ಆರು ವರ್ಷದೊಳಗಿನವರ ಮೇಲಿನ ಅಧ್ಯಯನ ಇದು, ಹಳೆಯ ಕಾಯಿಲೆಗೆ ಇದೇ ಫಲ ನಿರೀಕ್ಷಿಸಬಾರದು.

ಅಡಿಕೆ ಸುಲಿಯುವ ದಿನಗಳಲ್ಲಿ ಹೆಚ್ಚು ಕೆಡುವುದು ಕೂತಲ್ಲೇ ಕೂರುವುದರಿಂದ. ಸಂಜೆಯಿಂದ ನಡುರಾತ್ರಿವರೆಗೆ ಮೆಟ್ಟುಕತ್ತಿಯ ಮುಂದೆ ಕೂತು, ನಡುನಡುವೆ ಸಿಹಿ ಕಾಫಿ, ಬಾಯಲ್ಲಿ ಎಲೆಅಡಿಕೆ. ಅರ್ಧ ಗಂಟೆಗೊಮ್ಮೆ ಎದ್ದು ಮೂರು ನಿಮಿಷ ಅಂಗಳ ಸುತ್ತಿ ಬಂದರೂ ವ್ಯತ್ಯಾಸವಿದೆ. ಅಡಿಕೆ ಬೆಳೆಯುವವರ ಊರಿನಲ್ಲಿ ಇದನ್ನು ಬರೆಯುವುದು ಕಷ್ಟ, ಆದರೂ: ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಶುಗರ್ ಇರುವವರ ವಸಡು ಮೊದಲೇ ದುರ್ಬಲ.

ಕಾಲು

ಶುಗರ್ ಹಳತಾದಂತೆ ಪಾದದ ನರಗಳಿಗೆ ಸ್ಪರ್ಶ ತಿಳಿಯುವುದು ಕಡಿಮೆಯಾಗುತ್ತದೆ, ಮಲೆನಾಡಿನ ಬದುಕು ಕಾಲಿಗೆ ಕರುಣೆ ತೋರಿಸುವುದಿಲ್ಲ. ಗದ್ದೆ ಕೆಸರಿನಲ್ಲಿ ನಿಂತು ಬೆರಳ ಸಂದಿ ಕೊಳೆಯುತ್ತದೆ. ಇಂಬಳ (ಜಿಗಣೆ) ಕಚ್ಚಿದ ಜಾಗದಿಂದ ರಕ್ತ ಹರಿದು ಕಾಲುಚೀಲ ಒದ್ದೆಯಾಗುವವರೆಗೆ ಗೊತ್ತೇ ಆಗುವುದಿಲ್ಲ. ಹಂಡೆಯ ನೀರು ಎಷ್ಟು ಬಿಸಿ ಎಂದು ಪಾದಕ್ಕೆ ತಿಳಿಯದೆ ಸುಟ್ಟುಕೊಂಡವರಿದ್ದಾರೆ, ಚಳಿಗೆ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಗುಳ್ಳೆ ತಂದುಕೊಂಡವರೂ. ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ ಮೈಗೆ ಹಾಕಿಕೊಳ್ಳಿ. ಗದ್ದೆಗೆ ಗಮ್‌ಬೂಟು, ಒಳಗೆ ಒಣ ಹತ್ತಿ ಕಾಲುಚೀಲ, ಮಧ್ಯಾಹ್ನಕ್ಕೆ ಇನ್ನೊಂದು ಜೊತೆ. ಬೂಟು ಹಾಕುವ ಮುಂಚೆ ಕೊಡವಿ, ಕೈ ಹಾಕಿ ನೋಡಿ. ಕಲ್ಲೂ ಚೇಳೂ ಒಳಗೆ ಸೇರುವುದು ಹೊಸದಲ್ಲ. ಸಂಜೆ ಕಾಲು ತೊಳೆದು ಬೆರಳ ಸಂದಿಯನ್ನು ಬಟ್ಟೆಯಿಂದ ಒತ್ತಿ ಒಣಗಿಸಿ. ಹಿಮ್ಮಡಿ ಒಡೆದಿದ್ದರೆ ಅಲ್ಲಿಗೆ ಮಾತ್ರ ಕೊಬ್ಬರಿ ಎಣ್ಣೆ, ಸಂದಿಗೆ ಬೇಡ, ತೇವ ಕೂತು ಹುಣ್ಣಾಗುತ್ತದೆ. ಅಂಗಾಲು ಬಗ್ಗಿ ನೋಡಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ.

ಇಂಬಳ ಕಚ್ಚಿದರೆ ಉಗುರಿನಿಂದ ಸರಿಸಿ ಬಿಡಿಸಿ, ಸೋಪು ನೀರಲ್ಲಿ ತೊಳೆದು ಒತ್ತಿ ಹಿಡಿಯಿರಿ. ಸ್ಪರ್ಶ ಕಳೆದ ಕಾಲಿಗೆ ಸುಣ್ಣ ಮೆತ್ತುವುದು ಅಪಾಯ, ಚರ್ಮ ಸುಟ್ಟರೂ ತಿಳಿಯುವುದಿಲ್ಲ. ತೆರೆದ ಗಾಯ ಇಟ್ಟುಕೊಂಡು ನಿಂತ ನೀರಿಗೆ ಇಳಿದರೆ ಇಲಿಜ್ವರದ ಭಯವೂ ಇದೆ. ಎರಡು ದಿನದಲ್ಲಿ ಒಣಗದ, ಕೆಂಪು ಹರಡುತ್ತಿರುವ, ವಾಸನೆ ಬರುವ ಗಾಯಕ್ಕೆ ಸೊಪ್ಪು ಅರೆದು ಹಚ್ಚುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಪುಡಿ, ಬಳ್ಳಿ, ಬಾಟಲಿ

ಪೂರಕಗಳಲ್ಲಿ ನಿಜವಾಗಿ ನೋಡಬೇಕಾದದ್ದು ವಿಟಮಿನ್ ಬಿ12. ಶುಗರಿಗೆ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳಿನಲ್ಲಿ ಬಿ12 ಹೀರಿಕೆ ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ. ಕಾಲು ಜೋಮು, ಉರಿ ಬಂದರೆ ಶುಗರ್‌ನದ್ದೇ ಎಂದುಕೊಂಡು ಸುಮ್ಮನಾಗುತ್ತೇವೆ, ಎಷ್ಟೋ ಸಲ ಪಾಲುದಾರ ಬಿ12 ಆಗಿರುತ್ತದೆ. ವರ್ಷಕ್ಕೊಮ್ಮೆ ಪರೀಕ್ಷಿಸಿ, ಕಡಿಮೆ ಇದ್ದರೆ ಮಾತ್ರೆ ಅಥವಾ ಇಂಜೆಕ್ಷನ್. ಮೆಟ್‌ಫಾರ್ಮಿನ್ ತಾನಾಗಿ ನಿಲ್ಲಿಸುವುದು ಪರಿಹಾರವಲ್ಲ. ವಿಟಮಿನ್ ಡಿ ಕೊರತೆ ಇದ್ದರೆ ತುಂಬಿಸಿಕೊಳ್ಳಬೇಕು, ಅದು ಎಲುಬಿಗಾಗಿ. ಅಂಚಿನಲ್ಲಿರುವವರಿಗೆ ದಿನಾ 4000 ಯೂನಿಟ್ ಕೊಟ್ಟು ನೋಡಿದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ (2019) ಮಧುಮೇಹ ತಡೆಯುವ ವಿಷಯದಲ್ಲಿ ಗಣನೀಯ ಲಾಭ ಕಾಣಲಿಲ್ಲ. ವಾರಕ್ಕೊಂದರಂತೆ ಬರೆದುಕೊಟ್ಟ 60,000 ಯೂನಿಟ್ ಪೊಟ್ಟಣವನ್ನು ದಿನಾ ನುಂಗಿದರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು, ಚೀಟಿಯನ್ನು ಎರಡು ಸಲ ಓದಿ.

ಮೆಂತೆಯಲ್ಲಿ ಕರಗುವ ನಾರಿದೆ, ಅದು ಪಿಷ್ಟದ ಹೀರಿಕೆಯನ್ನು ನಿಧಾನಿಸುತ್ತದೆ. ನೆನೆಸಿದ ನೀರು ಕುಡಿದು ಕಾಳು ಚೆಲ್ಲುವವರು ನಾರನ್ನೇ ಚೆಲ್ಲುತ್ತಾರೆ. ಒಂದು ಚಮಚ ಕಾಳು ರಾತ್ರಿ ನೆನೆಸಿ ಬೆಳಿಗ್ಗೆ ಅಗಿದು ತಿನ್ನಿ, ಕಹಿ ತಡೆಯಲಾಗದಿದ್ದರೆ ಮಜ್ಜಿಗೆಗೆ ಅರೆದು ಹಾಕಿ. ವಾರ ಕಳೆದು ಎರಡು ಚಮಚಕ್ಕೆ ಏರಿಸಬಹುದು, ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಕೇಳದೆ ತೆಗೆದುಕೊಳ್ಳಬಾರದು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಹಾಗಲಕಾಯಿ, ನೇರಳೆಬೀಜದ ಪುಡಿ, ಮಧುನಾಶಿನಿ ಎಲೆ ಸ್ವಲ್ಪ ಮಟ್ಟಿಗೆ ಶುಗರ್ ಇಳಿಸಬಹುದು. ಗ್ಲಿಮೆಪಿರೈಡ್ ಜೊತೆ ಸೇರಿದರೆ ಲೋ ಆಗುವ ಅಪಾಯವೂ ಇದೆ. ಹಾಗಲವನ್ನು ಪಲ್ಯವಾಗಿ ತಿನ್ನಿ, ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಬೇಡ.

ಅಂಗಳದಲ್ಲಿ ಬೆಳೆಸುವ ಇನ್ಸುಲಿನ್ ಗಿಡದ ಎಲೆಯಿಂದ ಇನ್ಸುಲಿನ್ ಸಿಗುವುದಿಲ್ಲ. ಇನ್ಸುಲಿನ್ ಒಂದು ಪ್ರೋಟೀನ್, ಬಾಯಿಯಿಂದ ಹೋದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ, ಅದಕ್ಕೇ ಚುಚ್ಚಿಕೊಳ್ಳುವುದು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿನ ತೊಂದರೆ ಕಂಡುಬಂದದ್ದನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆದರೂ ದಿನಾ ಕಷಾಯ ಕುಡಿಯುವವರು ಯಕೃತ್ತಿನ ಪರೀಕ್ಷೆ ಮಾಡಿಸಿಕೊಂಡರೆ ಕಳೆದುಕೊಳ್ಳುವುದೇನಿಲ್ಲ. ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ ಇಲ್ಲದ ಪುಡಿ ಹದಿನೈದು ದಿನದಲ್ಲಿ ಶುಗರ್ ದಿಢೀರ್ ಇಳಿಸಿದರೆ ಖುಷಿಪಡುವ ಬದಲು ಅನುಮಾನಪಡಿ: ಇಂಥ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ತಪಾಸಣೆಗಳಲ್ಲಿ ಸಿಕ್ಕಿಬಿದ್ದಿದೆ. ದಾಲ್ಚಿನ್ನಿ, ಕ್ರೋಮಿಯಂ ಬಾಟಲಿಗಳಿಗೆ ಕೊಡುವ ದುಡ್ಡಿಗೆ ಬಂಗುಡೆ ಕೊಳ್ಳಿ.

ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿ ಅಕ್ಷಿಪಟಲ ನೋಡಿಸುವುದು, ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಪಾದದ ಸ್ಪರ್ಶ ಪರೀಕ್ಷೆ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಸಾಮಾನ್ಯ ಮಾತ್ರೆಗಳೂ ಅಲ್ಲೇ ಸಿಗುತ್ತವೆ. ಮುಂದಿನ ಪರೀಕ್ಷೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ.

ಲೋ ಆದಾಗ

ಊಟ ಇಳಿಸಿ, ನಡಿಗೆ ಏರಿಸಿದ ಮೇಲೆ ಮನೆಯವರೆಲ್ಲ ಕಲಿಯಬೇಕಾದ ಪಾಠ ಇದು. ಬೆವರು, ನಡುಕ, ಹಸಿವು, ಎದೆ ಹೊಡೆತ, ಸುಮ್ಮಸುಮ್ಮನೆ ಸಿಟ್ಟು, ತೊದಲು ಮಾತು. ಬಿಪಿಗೆಂದು ಅಟೆನೋಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿಗೆ ನಡುಕ, ಎದೆ ಹೊಡೆತ ಕಾಣದೆ ಬೆವರು ಮಾತ್ರ ಕಾಣಬಹುದು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಚಾಕೊಲೇಟ್, ಹೋಳಿಗೆ ಆಗದು, ಕೊಬ್ಬಿನಿಂದ ನಿಧಾನವಾಗುತ್ತದೆ. ಊಟದ ಜೊತೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಸಕ್ಕರೆಯೂ ಬೇಗ ಕೆಲಸ ಮಾಡುವುದಿಲ್ಲ, ಆ ಮಾತ್ರೆ ತಡೆಯುವುದು ಸಕ್ಕರೆ ಒಡೆಯುವುದನ್ನೇ. ಅವರ ಜೇಬಿನಲ್ಲಿ ಮೆಡಿಕಲ್ ಶಾಪಿನ ಗ್ಲುಕೋಸ್ ಪುಡಿಯೇ ಇರಬೇಕು. ತೋಟಕ್ಕೆ, ಸೊಪ್ಪಿನ ಬೆಟ್ಟಕ್ಕೆ ಒಬ್ಬರೇ ಹೋಗುವವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯಿರಿ, ಮಳೆಗೆ ಕರಗುತ್ತದೆ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ, ಗುಡ್ಡದ ಮನೆಯಾದರೆ ಆಂಬುಲೆನ್ಸ್ ಎಲ್ಲಿಯವರೆಗೆ ಬರಬಹುದೋ ಅಲ್ಲಿಗೆ ಜೀಪಿನಲ್ಲಿ ಹೊರಡಿ. ಎಚ್ಚರವಾದರೂ ಮುಗಿಯಲಿಲ್ಲ. ಗ್ಲಿಮೆಪಿರೈಡ್‌, ಗ್ಲಿಬೆನ್‌ಕ್ಲಮೈಡ್ ಪ್ರಭಾವ ಗಂಟೆಗಟ್ಟಲೆ ಇರುವುದರಿಂದ ಶುಗರ್ ಮತ್ತೆ ಇಳಿಯಬಹುದು. ಸಕ್ಕರೆ ನೀರಿನ ನಂತರ ಒಂದು ಹಿಡಿ ಅನ್ನ ಮಜ್ಜಿಗೆ ಉಣಿಸಿ, ಆ ರಾತ್ರಿ ಒಬ್ಬರನ್ನೇ ಮಲಗಲು ಬಿಡದೆ ಎರಡು ಗಂಟೆಗೆ ಎಬ್ಬಿಸಿ ಒಮ್ಮೆ ಬೆರಳು ಚುಚ್ಚಿ ನೋಡಿ, ಬೆಳಿಗ್ಗೆ ಮಾತ್ರೆ ನುಂಗುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ.